ಎತ್ತರದ ಊರಲ್ಲಿ ನಿದ್ದೆ, ಉಸಿರಾಟ: ಸಪ್ಲಿಮೆಂಟ್ ಬೇಕಾ?

ಪರ

ಸಪ್ಲಿಮೆಂಟ್ ಬೇಕು ಎನ್ನುವ ಕಡೆಯಿಂದ ಬರೆಯಲು ಶಿರಸಿಯಲ್ಲಿ ಬೇರೆ ಯಾರೂ ಒಪ್ಪಲಿಲ್ಲವಂತೆ, ನನಗೆ ವಹಿಸಿದ್ದಾರೆ. ಆಯ್ತು, ಬರೆಯುತ್ತೇನೆ.

ನಮ್ಮ ಕಡೆಯಿಂದ ಈಗ ಕೇದಾರಕ್ಕೆ, ಲಡಾಖ್‌ಗೆ ಹೋಗುವವರು ಜಾಸ್ತಿ. ಘಟ್ಟ ಹತ್ತಿದರೂ ಆರುನೂರು ಮೀಟರ್ ಆಸುಪಾಸಿನಲ್ಲೇ ಇರುವ ಜನ ನಾವು, ಒಮ್ಮೆಲೇ 3,500 ಮೀಟರ್ ಎತ್ತರದಲ್ಲಿ ಮಲಗುತ್ತೇವೆ. ಅಲ್ಲಿ ನಿದ್ದೆಯಲ್ಲಿ ಉಸಿರು ಆಗಾಗ ನಿಂತು ಮತ್ತೆ ಶುರುವಾಗುವುದುಂಟು. ಸ್ವಲ್ಪ ತಯಾರಿ ಮಾಡಿಕೊಂಡು ಹೋದರೆ ತಪ್ಪೇನು?

ಕಬ್ಬಿಣದ ಅಂಶವನ್ನೇ ನೋಡಿ. ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್, ಅದಕ್ಕೆ ಕಬ್ಬಿಣ ಬೇಕೇ ಬೇಕು. ಎತ್ತರಕ್ಕೆ ಹೋದ ಮೇಲೆ ದೇಹ ಹೊಸ ಕೆಂಪು ರಕ್ತಕಣ ಮಾಡಲು ಹೊರಡುತ್ತದೆ, ಆಗ ಇನ್ನೂ ಜಾಸ್ತಿ ಬೇಕು. ನಮ್ಮ ಹೆಂಗಸರಲ್ಲಿ ರಕ್ತ ಕಡಿಮೆ ಇರುವವರು ಎಷ್ಟು ಮಂದಿ ಎಂದು ಯಾವ ಡಾಕ್ಟರನ್ನಾದರೂ ಕೇಳಿ. ಎಲ್ಲರದೂ ಆದ ಮೇಲೆ ಊಟಕ್ಕೆ ಕೂತು, ಎದ್ದ ತಕ್ಷಣ ಚಾ ಕುಡಿದರೆ ತಿಂದ ಸೊಪ್ಪಿನ ಕಬ್ಬಿಣವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅಂಥವರು ಒಂದೆರಡು ತಿಂಗಳು ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದರೆ ಕಬ್ಬಿಣದ ಮಾತ್ರೆ ತಗೊಳ್ಳಲಿ. ನಿದ್ದೆಯಲ್ಲಿ ಉಸಿರು ನಿಲ್ಲುವುದಕ್ಕೂ ಇದಕ್ಕೂ ಏನು ಸಂಬಂಧ ಎಂದು ಎದುರಿನವರು ಕೇಳುತ್ತಾರೆ. ಕೇಳಲಿ.

ಇನ್ನು ಗಿಂಕೋ, ರೋಡಿಯೋಲ ಎಂಬ ಗಿಡಮೂಲಿಕೆ ಸಪ್ಲಿಮೆಂಟ್‌ಗಳು. ಅವನ್ನು ಹೊಗಳಲು ನನ್ನಿಂದ ಆಗದು. ತಗೊಂಡವರಿಗೆ ಒಂದು ಧೈರ್ಯ ಬರುತ್ತದೆ, ಧೈರ್ಯ ಬಂದರೆ ನಿದ್ದೆಯೂ ಬರುತ್ತದೆ, ಅಷ್ಟು ಹೇಳಬಹುದು.

ವಿರೋಧ

ಕಾರವಾರದಲ್ಲಿ ನನ್ನದು ಮೆಡಿಕಲ್ ಶಾಪ್. ಸಪ್ಲಿಮೆಂಟ್ ಡಬ್ಬಿಗಳು ನನ್ನ ಕಪಾಟಿನಲ್ಲೂ ಇವೆ, ಲಾಭವೂ ಅವುಗಳಲ್ಲೇ ಜಾಸ್ತಿ. ಆದರೂ "ಲಡಾಖ್‌ಗೆ ಹೊರಟಿದ್ದೇವೆ, ರಾತ್ರಿ ಉಸಿರು ಕಟ್ಟದ ಹಾಗೆ ಏನಾದರೂ ಕೊಡಿ" ಎಂದು ಯಾರಾದರೂ ಬಂದರೆ ಆ ಡಬ್ಬಿ ತೆಗೆಯುವುದಿಲ್ಲ.

ನಮ್ಮ ಭಾವ ಗೊರಕೆಗೆ ಊರಲ್ಲೇ ಹೆಸರುವಾಸಿ. ನನ್ನ ಜೊತೆ ವಿಮಾನದಲ್ಲಿ ಲಡಾಖಿನ ಲೇಹ್‌ಗೆ ಹೋಗಿ ಇಳಿದವರೇ ಗಿಂಕೋ, ಅಶ್ವಗಂಧ, ಬೀಟ್‌ರೂಟ್ ಪುಡಿ, ಅಕ್ಕ ಕಟ್ಟಿಕೊಟ್ಟ ಕರ್ಪೂರದ ಪೊಟ್ಟಣ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ನಿದ್ದೆ ಬರಲಿ ಎಂದು ಎರಡು ಪೆಗ್ ಬೇರೆ. ಎತ್ತರದಲ್ಲಿ ಹೆಂಡ ಉಸಿರಾಟವನ್ನು ಇನ್ನಷ್ಟು ಹಾಳು ಮಾಡುತ್ತದೆ ಎಂದರೆ ಕೇಳುವ ಆಸಾಮಿ ಅಲ್ಲ. ನಡುರಾತ್ರಿ ನಾನು ಎದ್ದು ಕೂತೆ. ದೊಡ್ಡ ದೊಡ್ಡ ಉಸಿರು ನಾಲ್ಕೈದು, ಆಮೇಲೆ ಏನೂ ಇಲ್ಲ. ಗೊರಕೆಯೂ ಇಲ್ಲ. ಅಯ್ಯೋ ಇವರು ಹೋದರು, ಅಕ್ಕನಿಗೆ ಏನು ಹೇಳಲಿ ಅಂದುಕೊಳ್ಳುವಷ್ಟರಲ್ಲಿ ಗಕ್ಕನೆ ಉಸಿರೆಳೆದುಕೊಂಡರು. ಮತ್ತೆ ಅದೇ ಕಥೆ, ಬೆಳಗಿನವರೆಗೂ. ಎದ್ದವರು "ಯಾಕೋ, ನಿದ್ದೆ ಮಾಡಲಿಲ್ವಾ? ನಿನಗೂ ಒಂದು ಗಿಂಕೋ ಕೊಡಲಾ?" ಎಂದು ನನ್ನನ್ನೇ ಕೇಳಿದರು!

ಅಲ್ಲಿ ಆಗುವುದು ಇಷ್ಟು. ಅಲ್ಲಿನ ಗಾಳಿಯಲ್ಲೂ ಆಮ್ಲಜನಕ ಶೇ 21ರಷ್ಟೇ ಇದೆ, ಆದರೆ ಗಾಳಿಯ ಒತ್ತಡ ನಮ್ಮ ಕಡಲತೀರಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆಮ್ಲಜನಕ ಸಾಲದೆ ದೇಹ ಜೋರಾಗಿ ಉಸಿರಾಡುತ್ತದೆ, ಅದರಿಂದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ನಿದ್ದೆಯಲ್ಲಿ ಉಸಿರಾಟ ನಡೆಸುವುದು ಮುಖ್ಯವಾಗಿ ಆ ಡೈಆಕ್ಸೈಡೇ. ಅದು ತೀರಾ ಇಳಿದರೆ ಉಸಿರು ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮ್ಲಜನಕ ಇನ್ನೂ ಕುಸಿದಾಗ ಮತ್ತೆ ಜೋರಾಗಿ ಶುರು. ಗಟ್ಟಿಮುಟ್ಟಾದವರಿಗೂ ಹೀಗಾಗುತ್ತದೆ. ಇದರಲ್ಲಿ ಗಿಂಕೋಗೆ ಏನು ಕೆಲಸ? ನೇಪಾಳದಲ್ಲಿ ಎವರೆಸ್ಟ್ ಹಾದಿಯ ಚಾರಣಿಗರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ತಲೆನೋವು, ವಾಕರಿಕೆ ತರುವ ಎತ್ತರದ ಕಾಯಿಲೆ ತಡೆಯುವುದರಲ್ಲಿ ಗಿಂಕೋ ಔಷಧವೇ ಇಲ್ಲದ ಖಾಲಿ ಮಾತ್ರೆಗಿಂತ ಮೇಲಾಗಲಿಲ್ಲ. ಕೆಲಸ ಮಾಡಿದ್ದು ಅಸೆಟಜೋಲಮೈಡ್, ಅಂದರೆ ಡಯಾಮಾಕ್ಸ್. ಅದು ಮೂತ್ರದಲ್ಲಿ ಬೈಕಾರ್ಬನೇಟ್ ಎಂಬ ಕ್ಷಾರೀಯ ಅಂಶವನ್ನು ಹೊರಗೆ ಹಾಕಿ ರಕ್ತವನ್ನು ತುಸು ಆಮ್ಲೀಯ ಮಾಡುತ್ತದೆ, ಅದರಿಂದ ಉಸಿರಾಟ ಚುರುಕಾಗುತ್ತದೆ, ರಾತ್ರಿ ಉಸಿರು ನಿಂತು ಶುರುವಾಗುವುದೂ ಕಡಿಮೆಯಾಗುತ್ತದೆ. ಬೆರಳು ಜುಮ್ ಅನ್ನುತ್ತದೆ, ಮೂತ್ರಕ್ಕೆ ಏಳಬೇಕಾಗುತ್ತದೆ. ಆದರೆ ಅದು ಸಪ್ಲಿಮೆಂಟ್ ಅಲ್ಲ, ಔಷಧ. ಚೀಟಿ ಬೇಕು, ಸಲ್ಫಾ ಜಾತಿಯ ಔಷಧಗಳ ಅಲರ್ಜಿ ಇದ್ದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಭಾವನ ಹಾಗೆ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವವರಂತೂ ಟಿಕೆಟ್ ಮಾಡುವ ಮೊದಲೇ ತೋರಿಸಿಕೊಳ್ಳಲಿ. ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮುಖವಾಡದಿಂದ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬಳಸುವವರು ಅದನ್ನು ಮನೆಯಲ್ಲಿ ಬಿಟ್ಟು ಹೋಗುವುದು ಬೇಡ.

ಕಬ್ಬಿಣದ ಮಾತಿಗೆ ಬಂದರೆ, ಶಿರಸಿಯವರ ಮಾತು ಕೇಳಿದರೆ ಹರಿವೆ ಸೊಪ್ಪಿನ ಕಟ್ಟು ಹೊತ್ತು ಲಡಾಖಿನ ಎತ್ತರದ ಘಾಟಿ ಖರ್ದುಂಗ್ಲಾ ಹತ್ತಬೇಕೇನೋ ಅನ್ನಿಸುತ್ತದೆ. ರಕ್ತ ಕಡಿಮೆ ಇದ್ದವರು ಕುಮಟೆಯಲ್ಲೇ ಮಾತ್ರೆ ನುಂಗಲಿ, ಅದಕ್ಕೆ ಲಡಾಖ್ ನೆಪ ಯಾಕೆ?

ನಿಜವಾದ ತಯಾರಿ ನಿಧಾನವಾಗಿ ಏರುವುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ನಮ್ಮವರು ಫಾಟಾ, ಸೆರ್ಸಿಯಲ್ಲಿ (ಹೌದು, ಅಲ್ಲೂ ಒಂದು ಶಿರಸಿಯಂಥ ಹೆಸರು) ಹೆಲಿಕಾಪ್ಟರ್ ಹತ್ತಿ ನಿಮಿಷಗಳಲ್ಲಿ 3,583 ಮೀಟರಿನ ಕೇದಾರ ಮುಟ್ಟುತ್ತಾರೆ, ರಾತ್ರಿ ಅಲ್ಲೇ ಉಳಿಯುತ್ತೇವೆ ಎಂದು ಹಟ ಹಿಡಿಯುತ್ತಾರೆ. ದರ್ಶನ ಮುಗಿಸಿ ಅದೇ ದಿನ ಇಳಿದು ಬನ್ನಿ. ಡಬ್ಬಿಗೆ ಕೊಡುವ ದುಡ್ಡಿಗೆ ಕೆಳಗೆ ಒಂದು ರೂಮೇ ಸಿಗುತ್ತದೆ.