ತಾಳಮದ್ದಳೆ, ಟಿವಿ ಮತ್ತು ರಿಚಿ ಬೆನೊ

ಮೊನ್ನೆ ಶಿವಮೊಗ್ಗದ ತಮ್ಮನ ಮನೆಯಲ್ಲಿ ಮ್ಯಾಚ್ ನೋಡ್ತಾ ಕೂತವನು ಮೂರನೇ ಓವರಿಗೇ ಸೌಂಡ್ ತೆಗೆದೆ. ಚೆಂಡು ಬೌಂಡರಿ ದಾಟಿದ್ದು ನಮಗೂ ಕಾಣುತ್ತೆ ಮಾರಾಯ್ರೆ. ಅದಕ್ಕೆ ಮೂರು ಜನ ಸೇರಿ ಕೂಗಬೇಕಾ?

ಆಗ ನೆನಪಾದವರು ಆಸ್ಟ್ರೇಲಿಯಾದ ಕ್ರಿಕೆಟ್ ಕಾಮೆಂಟೇಟರ್ ರಿಚಿ ಬೆನೊ.

1992ರ ವಿಶ್ವಕಪ್. ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಇದ್ದಿದ್ದೇ ಎರಡು ಟಿವಿ. ಬೆಳಗಿನ ಜಾವ ಅಪ್ಪಯ್ಯ ಬಚ್ಚಲೊಲೆಗೆ ಬೆಂಕಿ ಹಾಕಿ ಬಂದು ಕೂರುತ್ತಿದ್ದರು. ಆಂಟೆನಾ ಕಟ್ಟಿದ ಬಿದಿರು ಗಳ ತಿರುಗಿಸುವುದು ನನ್ನ ಕೆಲಸ. "ಬಂತು, ಬಂತು... ಹೋಯ್ತು. ಹಾಗೇ ಹಿಡ್ಕೊ!" ಬ್ರಿಸ್ಬೇನಿನಲ್ಲಿ ನಾವು ಒಂದೇ ರನ್ನಿನಿಂದ ಸೋತ ದಿನ ಕೊನೆಯ ಬಾಲ್ ನಾನು ನೋಡಲೇ ಇಲ್ಲ. ಅಂಗಳದಲ್ಲಿ ಗಳ ಹಿಡಿದು ನಿಂತಿದ್ದೆ.

ಅಪ್ಪಯ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಕ್ರೀಮ್ ಕೋಟಿನ ಬೆನೊ ಅಂದ್ರೆ ಇಷ್ಟ. "ಈ ಅಜ್ಜ ಅಡ್ಡ ಬರಲ್ಲ" ಅನ್ನುತ್ತಿದ್ದರು. ಕೂತು ಮಾತಾಡುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಅರ್ಥಧಾರಿಗಳ ಮಾತು ಕೇಳಲು ರಾತ್ರಿಯಿಡೀ ಕೂರುವ ಮನುಷ್ಯ ಇವರು! ಕಿಚಾಯಿಸಿದರೆ ಉತ್ತರ ತಯಾರಿತ್ತು: "ಅಲ್ಲಿ ವೇಷ ಇಲ್ಲ, ಮಾತಲ್ಲೇ ಕಾಣಿಸ್ಬೇಕು. ಇಲ್ಲಿ ವೇಷ ಕಣ್ಣೆದುರೇ ಕುಣೀತಿದೆಯಲ್ಲ."

ರೇಡಿಯೋಗೂ ಟಿವಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ. ಬೆನೊ ಎರಡನ್ನೂ ಕಲಿತವರು. 63 ಟೆಸ್ಟ್ ಆಡಿ 248 ವಿಕೆಟ್ ಕಿತ್ತ ಲೆಗ್ ಸ್ಪಿನ್ನರ್, ಆಸ್ಟ್ರೇಲಿಯಾದ ಕ್ಯಾಪ್ಟನ್. ಇನ್ನೂ ಆಡುತ್ತಿರುವಾಗಲೇ, 1956ರ ಇಂಗ್ಲೆಂಡ್ ಪ್ರವಾಸ ಮುಗಿದ ಮೇಲೆ ಅಲ್ಲೇ ಉಳಿದು ಬಿಬಿಸಿಯಲ್ಲಿ ತರಬೇತಿ ಪಡೆದರು. ಮೊದಲು ರೇಡಿಯೋ, ಆಮೇಲೆ ಟಿವಿ. 1977ರಿಂದ ಆಸ್ಟ್ರೇಲಿಯಾದ ಚಾನೆಲ್ ನೈನ್. ತೆರೆಯ ಮೇಲೆ ಕಾಣುವುದಕ್ಕೆ ಏನಾದರೂ ಸೇರಿಸೋಕೆ ಆಗುತ್ತಾ? ಹೇಳು. ಇಲ್ಲವಾ? ಬಾಯಿ ಮುಚ್ಚು. ಅವರ ಪಾಠ ಅಷ್ಟೇ.

ಹಾಗಂತ ಬಾಯಿಲ್ಲದವರೇನಲ್ಲ. 1981ರಲ್ಲಿ ಮೆಲ್ಬೋರ್ನಿನಲ್ಲಿ ನ್ಯೂಜಿಲೆಂಡಿಗೆ ಟೈ ಮಾಡಲು ಕೊನೆಯ ಬಾಲಿಗೆ ಸಿಕ್ಸರ್ ಬೇಕಿತ್ತು. ಆಸ್ಟ್ರೇಲಿಯಾದ ಕ್ಯಾಪ್ಟನ್ ಗ್ರೆಗ್ ಚಾಪೆಲ್ ಹೇಳಿದರು ಅಂತ ಅವರ ತಮ್ಮ ಟ್ರೆವರ್, ಸಿಕ್ಸರ್ ಹೊಡೆಯೋಕೆ ಆಗದ ಹಾಗೆ ಚೆಂಡನ್ನು ನೆಲದ ಮೇಲೆ ಉರುಳಿಸಿದರು. ತಮ್ಮದೇ ದೇಶದ ತಂಡ ಅಂತ ನೋಡದೆ ಬೆನೊ ಟಿವಿಯಲ್ಲೇ ಉಗಿದರು. ದಿನವಿಡೀ ಕಿರುಚುವವರು ಉಗಿದಿದ್ದರೆ ಯಾರು ಕಿವಿಗೊಡುತ್ತಿದ್ದರು?

ನನಗೆ ಜಾಸ್ತಿ ಇಷ್ಟವಾಗುವುದು 2005ರ ಓವಲ್ ಟೆಸ್ಟ್. ಇಂಗ್ಲೆಂಡಿನಲ್ಲಿ ಅವರ ಕಾಮೆಂಟರಿಯ ಕೊನೆಯ ದಿನ. ವೀಕ್ಷಕರಿಗೆ ಥ್ಯಾಂಕ್ಸ್ ಹೇಳುತ್ತಿದ್ದಾರೆ. ಅಷ್ಟರಲ್ಲಿ 158 ಹೊಡೆದಿದ್ದ ಇಂಗ್ಲೆಂಡಿನ ಪೀಟರ್ಸನ್ ಅವರನ್ನು ಆಸ್ಟ್ರೇಲಿಯಾದ ಮೆಕ್‌ಗ್ರಾ ಬೌಲ್ಡ್ ಮಾಡಿದರು. ಬೆನೊ ತಮ್ಮ ಮಾತು ಅಲ್ಲಿಗೇ ನಿಲ್ಲಿಸಿ, ವಿಕೆಟ್ ಬಿದ್ದಿದ್ದನ್ನು ತಣ್ಣಗೆ ಹೇಳಿ, ಆಮೇಲೆ ವಿದಾಯದ ಮಾತು ಮುಂದುವರಿಸಿದರು.

ಈಗ ಕನ್ನಡದಲ್ಲೇ ಕಾಮೆಂಟರಿ ಬರುತ್ತೆ, ಖುಷಿಯೇ. ಅಪ್ಪಯ್ಯ ಇದ್ದಿದ್ದರೆ ಒಂದೊಂದು ಮಾತೂ ಅರ್ಥವಾಗುತ್ತಿತ್ತು. ಎರಡು ಓವರ್ ಕೇಳಿ, "ರಿಮೋಟ್ ಎಲ್ಲಿಟ್ಟಿದ್ದೀಯಾ?" ಅನ್ನುತ್ತಿದ್ದರು.