ಮೊದಲು ಗೌಂಡಿ, ಆಮೇಲೆ ಗೆಜೆಟ್

ಕಟ್ಟಡದ ನಿಯಮಗಳು ಹಳೆಯದಾಗಿವೆ, ಪರಿಷ್ಕರಿಸಬೇಕು ಎಂದು ಆಗಾಗ ಕೂಗು ಏಳುತ್ತದೆ. ಹೀಗೆ ಕೂಗುವವರು ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ತಲೆ ಎತ್ತಿ ನಡೆದಿಲ್ಲ ಅಂತ ಕಾಣುತ್ತದೆ. ಇಲ್ಲಿ ಪರಿಷ್ಕರಣೆ ದಿನಾ ನಡೆಯುತ್ತದೆ. ಭಾನುವಾರ ಮತ್ತು ಸರಕಾರಿ ರಜೆಯ ದಿನ ಇನ್ನೂ ಜೋರು. ಪರಿಷ್ಕರಣಾ ಸಮಿತಿಯಲ್ಲಿ ಮನೆ ಮಾಲೀಕರು, ಗೌಂಡಿ ಮತ್ತು ಪಕ್ಕದ ಮನೆಯ ಸಜ್ಜಾ ಇರುತ್ತಾರೆ. ಪಕ್ಕದವರ ಸಜ್ಜಾ ಎರಡು ಅಡಿ ಮುಂದೆ ಬಂದಿದ್ದರೆ ನಮ್ಮದು ಎರಡೂವರೆ.

"ಸಾಹೇಬ್ರ, ನಕ್ಷಾದಾಗ ಮೂರು ಫೂಟ್ ಬಿಡಬೇಕು ಅಂತ ಐತ್ರಿ."

"ನಕ್ಷಾ ಬ್ಯಾಂಕಿನವ್ರ ಸಲುವಾಗಿ ಮಾಡಿಸಿದ್ದೋ ತಮ್ಮಾ. ನೀ ದಾರ ಹಿಡಿ."

ಅಲ್ಲಿಗೆ ಒಂದು ತಿದ್ದುಪಡಿ ಸರ್ವಾನುಮತದಿಂದ ಪಾಸಾಯಿತು.

ಕಾಗದದ ಮೇಲಿನ ದಾರಿ ಮಾತ್ರ ಬಲು ಉದ್ದ. ರಾಷ್ಟ್ರೀಯ ಕಟ್ಟಡ ಸಂಹಿತೆ ಬಂದದ್ದು 1970ರಲ್ಲಿ. 1983, 2005 ಮತ್ತು 2016ರಲ್ಲಿ ಅದನ್ನು ಪರಿಷ್ಕರಿಸಿದರು. ಪಾಯ, ಬೆಂಕಿ, ಗಾಳಿ, ಬೆಳಕು, ಲಿಫ್ಟು ಎಲ್ಲಾ ಅದರಲ್ಲಿದೆ. ಆದರೆ ಅದು ಬರೀ ಸಲಹೆ. ರಾಜ್ಯವೋ ಪಾಲಿಕೆಯೋ ತಮ್ಮ ಬೈಲಾದಲ್ಲಿ ಸೇರಿಸಿಕೊಂಡರೆ ಮಾತ್ರ ಅದಕ್ಕೆ ಕಾನೂನಿನ ಬಲ. ಅದಕ್ಕೆ ಕರಡು ಮಾಡಬೇಕು, ಗೆಜೆಟ್‌ನಲ್ಲಿ ಹಾಕಬೇಕು, ಸಾರ್ವಜನಿಕರ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಆ 30 ದಿನದಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುವ ಸಾರ್ವಜನಿಕರಿಗೆ ಗೆಜೆಟ್ ಕಣ್ಣಿಗೆ ಬೀಳಬೇಕಾದರೆ, ಗಿರ್ಮಿಟ್ ಕಟ್ಟಿಕೊಟ್ಟ ಕಾಗದವೇ ಗೆಜೆಟ್ ಆಗಿರಬೇಕು. ಕೊನೆಗೆ "ಯಾವುದೇ ಆಕ್ಷೇಪಣೆ ಬಾರದ ಕಾರಣ" ಎಂದು ಷರಾ ಬರೆದರೆ ಕೆಲಸ ಮುಗಿಯಿತು. ಜನರಿಗೆ ಆಕ್ಷೇಪಣೆ ಇಲ್ಲ ಅಂತಲ್ಲ. ಅವರು ಅದನ್ನು ಸಿಮೆಂಟಿನಲ್ಲಿ ಬರೆಯುತ್ತಾರೆ.

ಅಂದಹಾಗೆ, ನಿಯಮ ಇರುವುದು ಮೀಟರಿನಲ್ಲಿ. ಪ್ಲಾಟು ಮಾರುವುದು ಅಡಿಯಲ್ಲಿ. ಊರ ಅಂಚಿನ ಹೊಲ ಹರಿದು ಹಂಚುವುದು ಗುಂಟೆಯಲ್ಲಿ. ಗುಂಟಾ ಪ್ಲಾಟ್ ಕೊಂಡವನು 1089 ಚದರ ಅಡಿಯನ್ನು ಮೀಟರಿಗೆ ಇಳಿಸಿ, ಸುತ್ತ ಸೆಟ್‌ಬ್ಯಾಕ್ ಎಂಬ ಖಾಲಿ ಜಾಗ ಬಿಟ್ಟು, ಉಳಿದದ್ದರಲ್ಲಿ ವಾಸ್ತು ಪ್ರಕಾರ ದೇವರ ಮನೆ ಕೂರಿಸಬೇಕು. ಈಶಾನ್ಯ ಮೂಲೆ ಒಂದಿಂಚು ತಪ್ಪಿದರೆ ಮನೆಮಂದಿಗೆಲ್ಲ ನಿದ್ದೆ ಇಲ್ಲ. ಸೆಟ್‌ಬ್ಯಾಕ್ ಪೂರಾ ಮಾಯವಾದರೂ ಗೊರಕೆ ಹೊಡೆಯುತ್ತಾರೆ.

ಈಗ ಅಸಲು ವಿಷಯಕ್ಕೆ ಬರೋಣ. ಕರ್ನಾಟಕ ಪೌರನಿಗಮಗಳ ಕಾಯ್ದೆ 1976ರದು. ಅದರ 321ನೇ ಕಲಂ, ಅಕ್ರಮವಾಗಿ ಕಟ್ಟಿದ್ದನ್ನು ಒಡೆಸುವ ಅಧಿಕಾರವನ್ನು ಆಯುಕ್ತರಿಗೆ ಕೊಡುತ್ತದೆ. ಓದುವಾಗ ಎದೆ ಝಲ್ಲೆನ್ನುತ್ತದೆ. ಹಾಳೆ ತಿರುವಿದರೆ 321-ಎ. ಅದು ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಿ ಅನ್ನುತ್ತದೆ. ಒಡೆಯುವ ಕಲಮಿಗೂ ಒಪ್ಪಿಕೊಳ್ಳುವ ಕಲಮಿಗೂ ನಡುವೆ ಕಾಯ್ದೆಯೇ ಸೆಟ್‌ಬ್ಯಾಕ್ ಬಿಟ್ಟಿಲ್ಲ. ಇನ್ನು ನಮ್ಮನ್ನು ಅಂದು ಏನು ಉಪಯೋಗ?

2014ರ ಅಕ್ರಮ-ಸಕ್ರಮ ನಿಯಮವನ್ನು ನಿಧಾನವಾಗಿ ಸವಿಯಬೇಕು. ವಾಸದ ಮನೆಯಲ್ಲಿ ಉಲ್ಲಂಘನೆ ಶೇ. 50ರವರೆಗೆ ಇದ್ದರೆ ಸಕ್ರಮ. ವಾಣಿಜ್ಯ ಕಟ್ಟಡವಾದರೆ ಶೇ. 25. ಅಂದರೆ ಅರ್ಧ ತಪ್ಪು ಮಾಡಿದರೆ ಪಾಸು, ಅದಕ್ಕಿಂತ ಜಾಸ್ತಿಯಾದರೆ ಫೇಲು. ನಿಯಮ ಪಾಲಿಸುವುದಕ್ಕೆ ಎಂಜಿನಿಯರ್ ಬೇಕಿಲ್ಲದ ಮನೆಗೂ ಈಗ ಬೇಕು. ಉಲ್ಲಂಘನೆ 49ಕ್ಕೆ ನಿಲ್ಲಬೇಕಲ್ಲ, ಅಳತೆ ಪಕ್ಕಾ ಇರಬೇಕು. ಕೊನೆಯ ದಿನಾಂಕವೂ ಇತ್ತು: 2013ರ ಅಕ್ಟೋಬರ್ 19. ಆ ದಿನದೊಳಗೆ ಕಟ್ಟಿದ್ದರೆ ಅದು ಕ್ಷಮೆಗೆ ಯೋಗ್ಯವಾದ ತಪ್ಪು. ಮರುದಿನ ಅದೇ ಗೌಂಡಿ, ಅದೇ ಇಟ್ಟಿಗೆಯಿಂದ ಕಟ್ಟಿದ್ದರೆ ಘೋರ ಅಪರಾಧ. ತಪ್ಪೇ ಮಾಡಿಲ್ಲ ಎಂದು ಸಾಬೀತು ಮಾಡಲು ಜನ ಹಳೇ ಕಾಗದ ಹುಡುಕುವುದನ್ನು ಕೇಳಿದ್ದೇವೆ. ಇಲ್ಲಿ ತಪ್ಪು ಸಾಕಷ್ಟು ಹಳೆಯದು ಎಂದು ಸಾಬೀತು ಮಾಡಲು ಹುಡುಕಬೇಕು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಕೊಟ್ಟಿತು. ತಡೆ ಬಿದ್ದದ್ದು ಸಕ್ರಮಕ್ಕೆ. ಅಕ್ರಮಕ್ಕೆ ಯಾರೂ ತಡೆ ಕೊಡಲಿಲ್ಲ.

ಮಹಡಿ ಹತ್ತಿ ನೋಡಿದರೆ ಊರಿನ ನಂಬಿಕೆ ಎಂಥದ್ದು ಅಂತ ತಿಳಿಯುತ್ತದೆ. ಎಲ್ಲರ ಟೆರೇಸ್ ಮೇಲೂ ಕಾಲಂನ ಕಬ್ಬಿಣದ ಸರಳುಗಳು ಆಕಾಶದ ಕಡೆ ಎದ್ದು ನಿಂತಿರುತ್ತವೆ. ಮುಂದಿನ ತಿದ್ದುಪಡಿ ಬಂದೇ ಬರುತ್ತದೆ, ಇನ್ನೊಂದು ಮಹಡಿ ಏರಿಸಬಹುದು ಎಂಬ ಭರವಸೆ. ಅಲ್ಲಿಯವರೆಗೆ ಪತ್ರಾಸ್ ಶೆಡ್ ಹಾಕಿ ಹುಡುಗರಿಗೆ ಬಾಡಿಗೆ ಕೊಟ್ಟರಾಯಿತು. ಧಾರವಾಡದ ಸಪ್ತಾಪುರದ ಕಡೆ ಕೋಚಿಂಗ್‌ಗೆ ಬಂದವರು ಅಲ್ಲೇ ಕೂತು ಆಡಳಿತ, ಸಂವಿಧಾನ ಬಾಯಿಪಾಠ ಮಾಡುತ್ತಾರೆ. ಮುಂದೆ ಅಧಿಕಾರಿಗಳಾಗಿ ಇಂಥದೇ ಶೆಡ್‌ಗೆ ನೋಟಿಸ್ ಕೊಡುತ್ತಾರೆ. ಅನುಭವ ಇದ್ದರೆ ಒಳ್ಳೆಯದೇ ಅಲ್ವಾ?

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಗುಡುಗಿತು. ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂಬ ಪತ್ರ ಇಲ್ಲದೆ ಕರೆಂಟು, ನೀರು ಕೊಡಬೇಡಿ ಎಂದಿತು. ಊರೂರಲ್ಲಿ ಮೀಟರ್ ಸಿಗದೆ ಜನ ಒದ್ದಾಡಿದರು. 1200 ಚದರ ಅಡಿವರೆಗಿನ ಪ್ಲಾಟಿನ ಮನೆಗಳಿಗೆ ವಿನಾಯಿತಿ ಕೊಡಲು ಸರಕಾರ ಮುಂದಾಯಿತು. ಕೈಬಳೆ ಅಡವಿಟ್ಟು ಸಣ್ಣ ಮನೆ ಕಟ್ಟಿದವರ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಪ್ಲಾಟಿನಲ್ಲಿ ಪುಸ್ತಕದ ಪ್ರಕಾರ ಜಾಗ ಬಿಟ್ಟರೆ ಉಳಿಯುವುದು ಮೆಟ್ಟಿಲು ಮಾತ್ರ. ಪಾಲಿಸಲು ಆಗದ ನಿಯಮ ಬರೆದು, ಮುರಿದ ಮೇಲೆ ತೆರಿಗೆ ತಗೊಂಡು, ಆಮೇಲೆ ಔದಾರ್ಯದಿಂದ ವಿನಾಯಿತಿ ಕೊಡುವ ಈ ಕ್ರಮಕ್ಕೆ ಮಾತ್ರ ಕೈ ಮುಗಿಯಬೇಕು. ಪೇಟೆಯ ದೊಡ್ಡ ಕಟ್ಟಡಗಳ ಮಾತು ಬೇರೆ. ಅಲ್ಲಿ ನಕ್ಷೆಯಲ್ಲಿ ಬೇಸ್‌ಮೆಂಟಿಗೆ ಪಾರ್ಕಿಂಗ್ ಎಂದು ಬರೆದಿರುತ್ತಾರೆ. ಇಳಿದು ನೋಡಿದರೆ ಅಂಗಡಿ ಸಾಲು. ಗಾಡಿಗಳೆಲ್ಲ ರಸ್ತೆ ಮೇಲೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಮೇಲೆ ಕೆಲಸ ನಡೆದಿರುವಾಗಲೇ ಕೆಳಗೆ ಅಂಗಡಿಗಳು ತೆರೆದಿದ್ದವು. ಇದನ್ನು ತಮಾಷೆ ಮಾಡಲು ನನಗೆ ಬರುವುದಿಲ್ಲ. ಅಷ್ಟಾದ ಮೇಲೂ ನಿಯಮದ ಚರ್ಚೆ ಎಂದರೆ ನಮಗೆ ಎಷ್ಟು ದಂಡ, ಎಷ್ಟು ಮಹಡಿ, ಯಾವ ದಿನಾಂಕ ಅಷ್ಟೇ. ಕಾಲಂ ಎಷ್ಟು ಭಾರ ಹೊರುತ್ತದೆ ಎಂದು ಕೇಳುವವರು ಕಡಿಮೆ. ಹುಬ್ಬಳ್ಳಿ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆ ಮಣ್ಣಿಗೆ ದಂಡದ ರಸೀದಿ ತೋರಿಸಿದರೆ ನಡೆಯುವುದಿಲ್ಲ.

1962ರಲ್ಲಿ ಅವಳಿ ನಗರಕ್ಕೆ ಒಂದೇ ಪಾಲಿಕೆ ಆಯಿತು. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಎರಡು ಊರುಗಳ ನಡುವೆ ಸುಮಾರು 20 ಕಿಲೋಮೀಟರ್ ಇದೆ. ಈ ಭಾಗದಲ್ಲಿ ಬಿಟ್ಟ ಅತಿ ದೊಡ್ಡ ಸೆಟ್‌ಬ್ಯಾಕ್ ಎಂದರೆ ಅದೇ. ಅದನ್ನೂ ಲೇಔಟ್‌ಗಳು ತುಂಬುತ್ತಿವೆ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನ ಕಿಟಕಿಯಿಂದ ನೋಡಿ.

ಮುಂದಿನ ಪರಿಷ್ಕರಣೆಗೆ ನನ್ನದೂ ಒಂದು ಸಲಹೆ ಇರಲಿ. ಕಟ್ಟಡ ಪರವಾನಗಿ ಪತ್ರದ ಕೆಳಗೆ ಮುಂದಿನ ಸಕ್ರಮದ ಕೊನೆಯ ದಿನಾಂಕವನ್ನೂ ಛಾಪಿಸಿಬಿಡಲಿ. ಮಾಲೀಕರಿಗೆ ಸುಮ್ನೆ ವರ್ಷಗಟ್ಟಲೆ ಕಾಯುವ ಕಾಟ ತಪ್ಪುತ್ತದೆ. ಮೂರನೇ ಮಹಡಿ ಯಾವ ದಿನದೊಳಗೆ ಮುಗಿಸಬೇಕು ಎಂದು ಗೌಂಡಿಗೂ ಮೊದಲೇ ಗೊತ್ತಿರುತ್ತದೆ.