ರೆಸ್ಟ್ ಮಾಡಾಕ ಸಮುದ್ರಕ್ಕ ಹೊಂಟೀವ್ರೀ

ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಸಮುದ್ರಕ್ಕೆ ಹೋಗಿ ಆರಾಮಾಗಿ ಬರುವುದು ಅಂತ ಒಂದು ಹೊಸ ಹರಕೆ ನಮ್ಮ ಕಲಬುರಗಿಯಲ್ಲೂ ಶುರುವಾಗಿದೆ. ಹರಕೆ ಅಂತಲೇ ಕರೀಬೇಕು. ಖರ್ಚಿದೆ, ಕಷ್ಟವಿದೆ, ನೆತ್ತಿ ಮೇಲೆ ಬಿಸಿಲಿದೆ, ಆದರೂ ವಾಪಸ್ ಬಂದವರೆಲ್ಲ "ಭಾಳ ಛಲೋ ಆಯ್ತ್ರೀ" ಅಂತಲೇ ಹೇಳುತ್ತಾರೆ. ಮೊದಲೆಲ್ಲ ಸೂಟಿ ಅಂದ್ರೆ ಅಜ್ಜಿ ಊರು, ಮಾವಿನಕಾಯಿ, ಬಾವಿ. ಈಗ "ಸೂಟಿಗಿ ಎಲ್ಲಿ ಹೊಂಟೀರಿ?" ಅಂದವರಿಗೆ "ಜೇವರ್ಗಿಗ್ರೀ, ಮಾವನ ಮನಿಗಿ" ಅಂತ ಹೇಳಿ ನೋಡಿ. ಎದುರಿಗಿದ್ದವರು ನಿಮ್ಮ ಸಂಬಳ ನಿಂತಿದೆಯೇನೋ ಅನ್ನುವ ಹಾಗೆ ನೋಡುತ್ತಾರೆ.

ತಪ್ಪೆಲ್ಲ ಆ ಜಾಹೀರಾತಿನ ಫೋಟೊದ್ದು. ಉದ್ದ ಕುರ್ಚಿ, ಅದರ ಮೇಲೆ ಗಂಡ ಹೆಂಡತಿ, ಕೈಯಲ್ಲಿ ಎಳನೀರು, ಮುಖದ ಮೇಲೆ ಟೋಪಿ. ದೂರದಲ್ಲಿ ಬಿಳಿ ಬಟ್ಟೆ ಹಾಕಿಕೊಂಡ ಎರಡು ಮಕ್ಕಳು ಸದ್ದಿಲ್ಲದೆ ಮರಳಿನ ಮನೆ ಕಟ್ಟುತ್ತಿರುತ್ತವೆ. ಬಟ್ಟೆ ಬೆಳ್ಳಗೇ ಇರುತ್ತದೆ! ಒಂದಕ್ಕೊಂದು ಕಚ್ಚುತ್ತಿಲ್ಲ, ಒಂದರ ಬಕೀಟು ಇನ್ನೊಂದು ಕಸಿಯುತ್ತಿಲ್ಲ. ಅಂಥ ಮಕ್ಕಳು ಎಲ್ಲಿ ಸಿಗುತ್ತವೆ ಅಂತ ಗೊತ್ತಾದ್ರೆ, ನಮ್ಮವನ್ನು ಅಜ್ಜಿ ಹತ್ತಿರ ಬಿಟ್ಟು ಅವನ್ನೇ ಬಾಡಿಗೆಗೆ ತಗೊಂಡು ಹೋಗಬಹುದಿತ್ತು.

ನಮ್ಮೂರಲ್ಲಿ ವಿಶ್ರಾಂತಿಗೆ ಕೊರತೆ ಇದ್ದರೆ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಅಂದ್ರೆ ಊಟ ಮಾಡಿ ಮಲಗಿ ಅಂತ ಸರ್ಕಾರವೇ ಆದೇಶ ಹೊರಡಿಸುತ್ತದೆ. ಪರದೆ ಎಳೆದು, ಕೂಲರ್ ಹಚ್ಚಿ, ಮಜ್ಜಿಗೆ ಕುಡಿದು ಅಡ್ಡಾದರೆ ಸಂಜೆ 5ರ ತನಕ ಊರೇ ನಿಶ್ಶಬ್ದ. ಇಂಥ ಸುಖ ಬಿಟ್ಟು, ಸಾಲ ಮಾಡಿ, ಸುಖ ಹುಡುಕಿಕೊಂಡು ಹೋಗುತ್ತೇವೆ.

ಹೊರಡುವಾಗ "ಅಲ್ಲಿ ಬರೇ 34 ಡಿಗ್ರಿ ಅಂತ್ರೀ" ಅನ್ನುವುದು ದೊಡ್ಡ ಸಂಭ್ರಮ. ಇಲ್ಲಿ 42 ಇದ್ದರೂ ಗಾಳಿ ಒಣ. ಕೂಲರಿನ ಹುಲ್ಲಿನ ನೀರು ಆರುವಾಗ ಗಾಳಿಯ ಬಿಸಿ ಎಳೆದುಕೊಳ್ಳುತ್ತದೆ, ಮನೆ ತಂಪಾಗುತ್ತದೆ. ಮೈ ಬೆವರೂ ಹಾಗೇ ಆರುತ್ತದೆ. ಕರಾವಳಿಯಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ, ಪಾಪ ಬೆವರು ಎಲ್ಲಿಗೆ ಹೋಗಬೇಕು? ನೆರಳಲ್ಲಿ ಕೂತರೂ ಅಂಗಿ ಹಿಂಡಬಹುದು. ಮನುಷ್ಯರ ಮಾತು ಬಿಡಿ, ತಿಂಗಳುಗಟ್ಟಲೆ ಇಟ್ಟರೂ ಜಗ್ಗದ ನಮ್ಮ ಖಡಕ್ ರೊಟ್ಟಿ ಅಲ್ಲಿ ರಾತ್ರಿ ಕಳೆಯೋದರೊಳಗೆ ಮೆತ್ತಗಾಗಿಬಿಡುತ್ತದೆ.

ದಾರಿಯದ್ದೂ ಸ್ವಲ್ಪ ಹೇಳಬೇಕು. ಗೋಕರ್ಣಕ್ಕೆ ಅಂದ್ರೆ ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ 500 ಕಿಲೋಮೀಟರ್ ಮೇಲಾಯಿತು. "ಇನ್ನಾ ಎಷ್ಟ್ ದೂರ ಪಪ್ಪಾ?" ಅನ್ನುವುದು ಜೇವರ್ಗಿ ದಾಟುವ ಮೊದಲೇ ಶುರು. ಅರಬೈಲು ಘಟ್ಟದ ತಿರುವುಗಳಲ್ಲಿ ಪ್ರಶ್ನೆ ನಿಲ್ಲುತ್ತದೆ, ಯಾಕಂದ್ರೆ ಆಗ ಬಾಯಿಗೆ ಬೇರೆ ಕೆಲಸ ಇರುತ್ತದೆ. ಪ್ಲಾಸ್ಟಿಕ್ ಚೀಲ ಹಿಡಿದುಕೊಂಡವರು ಯಾರು ಅಂತ ಕೇಳಬೇಡಿ, ತಾಯಿಯೇ.

ಮುಟ್ಟಿದ ಮೇಲೆ ಆರಾಮದ ಲೆಕ್ಕ ನೋಡಿ. ರೂಮು ಸಿಗುವುದು ಮಧ್ಯಾಹ್ನ 2ಕ್ಕೆ, ಬಿಡುವುದು ಬೆಳಿಗ್ಗೆ 11ಕ್ಕೆ. ಅದು ಹೇಗೋ "3 ಹಗಲು, 2 ರಾತ್ರಿ" ಆಗುತ್ತದೆ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಎಳೆ ಮಕ್ಕಳನ್ನು ಬಿಸಿಲಿಗೆ ಬಿಡಬೇಡಿ ಅಂತ ಡಾಕ್ಟರ್ ಹೇಳುತ್ತಾರೆ. 10ರ ತನಕ ತಿಂಡಿ ಜಗಳ. ಸನ್‌ಸ್ಕ್ರೀನ್ 2 ಗಂಟೆಗೊಮ್ಮೆ ಹಚ್ಚಬೇಕು, ಹಚ್ಚಿಸಿಕೊಳ್ಳುವವನು ಓಡುತ್ತಿರುತ್ತಾನೆ, ಅದಕ್ಕೇ ಅರ್ಧ ಗಂಟೆ. ಸಂಜೆ ಹೊತ್ತು ಮುಳುಗುತ್ತಿದ್ದಂತೆ ಕಾವಲಿನವರು ಸೀಟಿ ಊದುತ್ತಾರೆ. ಉಳಿದ ಚೂರು ಹೊತ್ತಿನಲ್ಲಿ ಒಬ್ಬನಿಗೆ ಅಲೆ ಅಂದ್ರೆ ಹೆದರಿಕೆ, ಇನ್ನೊಬ್ಬಳಿಗೆ ಹೆದರಿಕೆಯೇ ಇಲ್ಲ. ಎರಡನೆಯದು ಜಾಸ್ತಿ ಅಪಾಯ. ಕಣ್ಣು ಪಿಳುಕಿಸುವ ಹಾಗಿಲ್ಲ, ಉದ್ದ ಕುರ್ಚಿಯ ಮಾತಂತೂ ದೂರವೇ ಉಳಿಯಿತು. ಆ ಕುರ್ಚಿಯಲ್ಲಿ ಟವೆಲ್, ಡೈಪರ್, ನೀರಿನ ಬಾಟಲಿ ಆರಾಮಾಗಿ ಮಲಗಿರುತ್ತವೆ.

ಇಷ್ಟಾದ ಮೇಲೆ ಮಕ್ಕಳು ಸಮುದ್ರವನ್ನಾದರೂ ನೋಡುತ್ತವಾ? ಇಲ್ಲ. ಬೆನ್ನು ತಿರುಗಿಸಿ ಉಸುಕಿನಲ್ಲಿ ಕೂರುತ್ತವೆ. ಇದೇ ಮಕ್ಕಳು ಕಲಬುರಗಿಯಲ್ಲಿ ಪಕ್ಕದ ಮನೆ ಕಟ್ಟಲು ಹಾಕಿಸಿದ ಉಸುಕಿನ ಗುಂಪಿ ಹತ್ತಿದರೆ "ಏ, ಇಳೀರಿ ಕೆಳಗ!" ಅಂತ ಓಣಿಯೇ ಬಯ್ಯುತ್ತದೆ. ಬೈಗುಳ ನ್ಯಾಯವೇ, ಭೀಮಾ ನದಿಯ ಉಸುಕು ಅಂದ್ರೆ ಈಗ ಬಂಗಾರ, ಅದಕ್ಕೆ ಪರ್ಮಿಟ್ಟು, ಚೆಕ್‌ಪೋಸ್ಟು, ರಾತ್ರಿ ಓಡುವ ಟ್ರ್ಯಾಕ್ಟರು, ಎಲ್ಲಾ ಇದೆ. ಸಮುದ್ರದ ಉಪ್ಪು ಉಸುಕು ಮನೆ ಕಟ್ಟಲು ಬರುವುದಿಲ್ಲ, ಕಂಬಿಗೆ ತುಕ್ಕು ಹಿಡಿಸುತ್ತದೆ. ಅದಕ್ಕೇ ಅದು ಪುಕ್ಕಟೆ. ಆ ಪುಕ್ಕಟೆ ಉಸುಕಿನಲ್ಲಿ ಕೂರಲು ನಾವು ತೆತ್ತ ದುಡ್ಡಿಗೆ ಇಲ್ಲಿ ಒಂದು ಟ್ರ್ಯಾಕ್ಟರ್ ಲೋಡನ್ನು ಮನೆ ಮುಂದೆಯೇ ಇಳಿಸಬಹುದಿತ್ತು!

2024ರ ಜನವರಿಯಲ್ಲಂತೂ ಬೀಚಿಗೆ ಹೋಗುವುದು ದೇಶಸೇವೆಯೂ ಆಗಿತ್ತು. ಪ್ರಧಾನಿ ಲಕ್ಷದ್ವೀಪದ ಫೋಟೊ ಹಾಕಿದರು, ಮಾಲ್ಡೀವ್ಸಿನ ಕೆಲವು ಮಂತ್ರಿಗಳು ಅಣಕಿಸಿದರು, ಕೂಡಲೇ ಓಣಿ ಓಣಿಯಲ್ಲಿ ಮಾಲ್ಡೀವ್ಸ್ ಬಹಿಷ್ಕಾರ. ಪಕ್ಕದ ಶಹಾಬಾದ್ ದಾಟಿ ಹೋಗದವರೂ ಬಹಿಷ್ಕರಿಸಿದರು. ಲಕ್ಷದ್ವೀಪಕ್ಕೆ ಹೋಗಲು ಪರ್ಮಿಟ್ ಬೇಕು ಅಂತ ಗೊತ್ತಾದ ಮೇಲೆ ದೇಶಭಕ್ತಿ ಗೋವಾದಲ್ಲೇ ಮುಗಿಯಿತು.

ಸಮುದ್ರದಲ್ಲಿ ಆರಾಮ ಸಿಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಕೊನೆಯ ಸಂಜೆ, ಮಗುವನ್ನು ಯಾರೋ ಪುಣ್ಯಾತ್ಮರ ಕೈಗೆ ಕೊಟ್ಟು, ಕುರ್ಚಿಯ ಡೈಪರ್ ಸರಿಸಿ, ಒಂದು ನಿಮಿಷ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಳಗೆ "ಫುಲ್ ರಿಲ್ಯಾಕ್ಸ್" ಅಂತ ಸ್ಟೇಟಸ್. ಅದನ್ನು ನೋಡಿ ಕಲಬುರಗಿಯಲ್ಲಿ ಕೂಲರ್ ಮುಂದೆ ಮಲಗಿದವನು ಎದ್ದು ಕೂತು ಹೆಂಡತಿಯ ಕಡೆ ತಿರುಗುತ್ತಾನೆ, ಮುಂದಿನ ವರ್ಷದ ಬುಕಿಂಗ್ ಅಲ್ಲೇ ಆಗಿಹೋಗುತ್ತದೆ.

ಇದಕ್ಕೆ ಒಂದೇ ಪರಿಹಾರ, ಸಮುದ್ರವನ್ನೇ ಇಲ್ಲಿಗೆ ತರಿಸುವುದು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಇದೆ, ವಿಶೇಷ ಸ್ಥಾನಮಾನ ಇದೆ, 2019ರಿಂದ ವಿಮಾನ ನಿಲ್ದಾಣವೂ ಇದೆ, ಸಮುದ್ರ ಒಂದು ಯಾಕೆ ಬೇಡ? ಮೊದಲು ಬಜೆಟ್‌ನಲ್ಲಿ ಘೋಷಣೆ ಆಗಲಿ. ನಮ್ಮೂರಿನ ಅಪ್ಪನ ಕೆರೆಯ ಹತ್ತಿರ ಒಂದು ಅಡಿಗಲ್ಲು ಹಾಕಲಿ, ಸಮೀಕ್ಷೆಗೆ ಸಮಿತಿ ಮಾಡಲಿ. ಅವಸರವೇನಿಲ್ಲ. 2014ರಲ್ಲಿ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗವನ್ನು ಕಾಯುತ್ತಾ ಹೇಗೂ ನಿಂತಿದ್ದೇವೆ, ಅದೇ ಸಾಲಿನಲ್ಲಿ ಇದನ್ನೂ ಕಾದರಾಯಿತು.